ಕಾಕಾನ ಕಲ್ಲಿನ ಮೇಲೆ ಹತ್ತಿದ ನೆಟ್

ಯಾರಾದರೂ ಏನೋ ವಿಚಿತ್ರ ನಡೆಯಿತೆಂದರೆ ನಾನು ನಂಬುತ್ತಿರಲಿಲ್ಲ. ಎಲ್ಲೋ ವಾಯರ್ ಸಡಿಲಾಗಿದೆ, ಇಲ್ಲವೇ ಹೇಳುವವರ ನೆನಪು ಸಡಿಲಾಗಿದೆ ಎಂದು ನಕ್ಕುಬಿಡುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಎರಡು ಸಾವಿರದ ಒಂಬತ್ತರ ಸುಮಾರಿಗೆ ನಾನು ಧಾರವಾಡದ ಸಪ್ತಾಪುರದಲ್ಲಿ ಗೆಳತಿ ವಿದ್ಯಾಳ ಜೊತೆ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಪಿಎಚ್.ಡಿ. ಮಾಡುತ್ತಿದ್ದೆ. ಆಗ ವೈಫೈ ಬೇಕೆಂದರೆ ಗ್ರಂಥಾಲಯದ ವರಾಂಡಕ್ಕೇ ಹೋಗಬೇಕು. ಮೆಟ್ಟಿಲಿಳಿದರೆ ಅದೂ ಇಲ್ಲ. ಹೀಗಾಗಿ ಡಾಟಾ ಕಾರ್ಡ್ ಕೊಂಡ ದಿನ ರೆಕ್ಕೆ ಬಂದಷ್ಟು ಖುಷಿಯಾಗಿತ್ತು. ಬೆರಳುದ್ದದ ಆ ಸಾಧನದೊಳಗೆ ಸಿಮ್ ಹಾಕಿ ಲ್ಯಾಪ್‌ಟಾಪಿಗೆ ಚುಚ್ಚಿದರೆ ಬಸ್ಸಿನಲ್ಲಿ ಕೂತರೂ ಇಂಟರ್‌ನೆಟ್. ಕೆಂಪು ದೀಪ ಮಿಣುಕಿದರೆ ಸಂಪರ್ಕವಿಲ್ಲ, ನೀಲಿ ಉರಿದರೆ ಇದೆ.

ಸಂಶೋಧನೆಯ ಸಹಾಯಧನಕ್ಕೆ ಅರ್ಜಿ ಕಳಿಸುವ ಕೊನೆಯ ದಿನ ಅದು. ಸಂಜೆ ಐದಕ್ಕೆ ಗಡುವು. ಆ ಹಣ ಸಿಗದಿದ್ದರೆ ಓದು ಬಿಟ್ಟು ನೌಕರಿ ಹುಡುಕಬೇಕಿತ್ತು. ಬೆಳಿಗ್ಗೆ ಕೊನೆಯ ತಿದ್ದುಪಡಿ ಮಾಡುತ್ತಿರುವಾಗಲೇ ನಮ್ಮೂರು ಸುಳ್ಳದಿಂದ ಫೋನ್ ಬಂತು: ಕಾಕು ಅಂಗಳದಲ್ಲಿ ಜಾರಿಬಿದ್ದಿದ್ದಾಳೆ. ತಾಯಿಯಿಲ್ಲದ ನನ್ನನ್ನು ಬೆಳೆಸಿದವರು ಚಿಕ್ಕಪ್ಪ, ಚಿಕ್ಕಮ್ಮ, ಅಂದರೆ ನನ್ನ ಕಾಕಾ, ಕಾಕು. ನಾನು ಏಳನೇ ತರಗತಿಯಲ್ಲಿದ್ದಾಗ ಕಾಕಾ ತೀರಿಹೋದ ಮೇಲೂ ಅವಳು ನನ್ನ ಸಾಲಿ ಬಿಡಿಸಲಿಲ್ಲ. ಅರ್ಜಿಯನ್ನು ಅಲ್ಲಿಂದಲೇ ಕಳಿಸಿದರಾಯಿತೆಂದು ಲ್ಯಾಪ್‌ಟಾಪ್, ಡಾಟಾ ಕಾರ್ಡ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಕಾಕುವಿನ ಕಾಲು ಉಳುಕಿತ್ತು, ಮುರಿದಿರಲಿಲ್ಲ. ಅವಳಿಗೆ ಪಟ್ಟಿ ಕಟ್ಟಿಸಿ, ಉಣಿಸಿ, ಹೊರಸಿನ ಮೇಲೆ ಮಲಗಿಸಿ ಲ್ಯಾಪ್‌ಟಾಪ್ ತೆಗೆಯುವಷ್ಟರಲ್ಲಿ ಮೂರೂವರೆ. ಕೆಂಪು ದೀಪ. ಪಡಸಾಲೆಯಲ್ಲಿ ಕೆಂಪು, ಮಾಳಿಗೆ ಹತ್ತಿದರೂ ಕೆಂಪು. ಹುಬ್ಬಳ್ಳಿಗೆ ಹೋಗುವ ಬಸ್ಸು ಇನ್ನು ಐದಕ್ಕೇ. ನಾಲ್ಕೂವರೆಗೆ ಮಾಳಿಗೆ ಇಳಿದು ಬಂದಾಗ ನನ್ನ ಕಣ್ಣು ತುಂಬಿತ್ತು.

ಕಾಕು ನೋಡಿದಳು. "ಹಿತ್ತಲದಾಗ ನಿಮ್ಮ ಕಾಕಾ ರೇಡಿಯೋ ಹಿಡಕೊಂಡು ಕೂಡತಿದ್ದ ಕಲ್ಲ ಐತಲ್ಲ, ಅಲ್ಲಿ ಹೋಗಿ ನೋಡವಾ. ಮನ್ಯಾಗ ಗರಗರ ಅನ್ನೂದು ಅಲ್ಲಿ ಛಲೋ ಹತ್ತತಿತ್ತು."

"ಕಾಕೂ, ಅದು ರೇಡಿಯೋ. ಇದು ಬ್ಯಾರೆ ಐತಿ."

"ಎರಡೂ ಗಾಳ್ಯಾಗಿಂದನ ಬರ್ತಾವಿಲ್ಲ? ಹೋಗು, ಲಗೂ."

ಅವಳ ಮನಸ್ಸು ಮುರಿಯಬಾರದೆಂದು ಹೋದೆ. ಹುಲ್ಲಿನ ಬಣವಿಯ ಹಿಂದಿನ ಆ ಚಪ್ಪಟೆ ಕಲ್ಲು ಬಿಸಿಲಿಗೆ ಕಾದಿತ್ತು. ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡೆ. ದೀಪ ಎರಡು ಸಲ ಕೆಂಪಗೆ ಮಿಣುಕಿತು. ಆಮೇಲೆ ನೀಲಿಯಾಗಿ ನಿಂತಿತು. ಅರ್ಜಿ ಲಗತ್ತಿಸಿ ಕಳಿಸಿದೆ. ತಲುಪಿದೆ ಎಂಬ ಉತ್ತರವೂ ತಾನಾಗಿಯೇ ಬಂತು. ಬ್ಯಾಟರಿ ಮುಗಿಯುತ್ತ ಬಂದಿದ್ದರಿಂದ ತಕ್ಷಣ ಮುಚ್ಚಿ ಒಳಗೆ ಓಡಿ ಕಾಕುವನ್ನು ತಬ್ಬಿಕೊಂಡೆ. "ಹೇಳಿದ್ದಿಲ್ಲ ನಾ?" ಎಂದು ಅವಳು ನನ್ನ ತಲೆ ಸವರಿದಳು.

ಇಷ್ಟಕ್ಕೇ ಮುಗಿದಿದ್ದರೆ ಸಿಗ್ನಲ್ಲಿನ ಆಟ ಎಂದುಕೊಂಡು ಮರೆತುಬಿಡುತ್ತಿದ್ದೆ. ಮರುದಿನ ಸಪ್ತಾಪುರಕ್ಕೆ ಮರಳಿದಾಗ ವಿದ್ಯಾ ಅಂಗೈಯಲ್ಲಿ ಒಂದು ಸಿಮ್ ಹಿಡಿದು ಬಂದಳು. "ತಗೋ, ನಿನ್ನ ಡಾಟಾ ಕಾರ್ಡಿಂದು. ರಿಸಲ್ಟ್ ನೋಡಾಕ ನನ್ನ ಮೊಬೈಲಿಗೆ ಹಾಕ್ಕೊಂಡಿದ್ನಿ."

"ಯಾವಾಗ?"

"ನಿನ್ನೆ ಮುಂಜಾನೆ. ನೀ ಜಳಕಾ ಮಾಡಾಕತ್ತಿದ್ದಿ. ಕೇಳಿದ್ನಲ್ಲ, ಹೂಂ ಅಂದಿ."

ಡಾಟಾ ಕಾರ್ಡಿನ ಮುಚ್ಚಳ ತೆಗೆದೆ. ಒಳಗೆ ಖಾಲಿ. ಸಿಮ್ ಇಲ್ಲದಿದ್ದರೂ ಆ ದೀಪ ಕೆಂಪಗೇ ಮಿಣುಕುತ್ತದೆ, ಅದಕ್ಕೇ ನನಗೆ ಗೊತ್ತಾಗಿರಲಿಲ್ಲ. ಆದರೆ ನೀಲಿ? ಮೇಲ್ ಪೆಟ್ಟಿಗೆ ನೋಡಿದೆ: ಕಳಿಸಿದ್ದು ನಾಲ್ಕು ನಲವತ್ತೆರಡಕ್ಕೆ. ಅವರ ಉತ್ತರವೂ ಅಲ್ಲೇ ಇತ್ತು. ಸಹಾಯಧನ ಸಿಕ್ಕಿತು, ಪಿಎಚ್.ಡಿ. ಮುಗಿಯಿತು. ಬಲ್ಲವರನ್ನು ಕೇಳಿದೆ. ಸಿಮ್ ಇಲ್ಲದೆ ಸಾಧ್ಯವೇ ಇಲ್ಲ, ನಿನಗೆ ದಿನ ತಪ್ಪಿರಬೇಕು ಎಂದರು. ನನಗೆ ದಿನ ತಪ್ಪಿಲ್ಲ.

ಮುಂದೆ ಸುಳ್ಳಕ್ಕೆ ಹೋದಾಗ ಕಾಕುವಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಬೆರಗಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನ ಅಂಚು ನೀವುತ್ತ, ತಗ್ಗಿದ ದನಿಯಲ್ಲಿ ಕೇಳಿದಳು:

"ಖರೇ ಹೇಳು. ನಿಂದು ಹೋತು. ಆ ಕಡಿಂದ ನನಗ ಅಂತ ಏನರ ಬಂದಿತ್ತೇನ?"

ಇಲ್ಲ ಎಂದೆ. ತಲೆಯಾಡಿಸಿ ಚಹಾ ಮಾಡಲು ಎದ್ದಳು. ಕಾಕಾನ ಕಲ್ಲಿನ ಮೇಲೆ ಅಷ್ಟು ಲಗುಬಗೆಯಿಂದ ಲ್ಯಾಪ್‌ಟಾಪ್ ಮುಚ್ಚಿದವಳು ನಾನು. ಇಲ್ಲ ಎಂದದ್ದು ನಿಜವೋ ಅಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.