ಪಥ್ಯ ಬಿಡಿಸಲು ಹೋದ ನೀಲಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಕೋಲೆಯಿಂದ ನಾಲ್ಕು ಕಿಲೋಮೀಟರ್ ಒಳಗಿನ ಕೇರಿಯೊಂದರಲ್ಲಿ, ಬೇಲಿಯ ಹೊರಗೆ ನೀಲಾ ಒಣಮೀನಿನ ಬುಟ್ಟಿ ಇಳಿಸಿ ನಿಂತಿದ್ದಾರೆ. ಮನೆಯೊಡತಿ ಕವಿತಾ ಅಂಗಳಕ್ಕೆ ಬಂದವರೇ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. "ಮೀನ್ ಇತ್ಲಾಗೆ ತರ್ಬೇಡ್ವೇ. ಮನೀಲಿ ಪಥ್ಯ ಅದೆ."

ಬರೀ ಮೀನು ಮಾರುವವರಾಗಿದ್ದರೆ ಮುಂದಿನ ಮನೆ ನೋಡಿಕೊಳ್ಳುತ್ತಿದ್ದರು. ನೀಲಾ ಕದಲುವುದಿಲ್ಲ. ಯಾವ ಪಥ್ಯ ಎಂದು ಕೇಳುತ್ತಾರೆ.

"ಕಾಮಾಲೆದು. ಎಂಟ್ ದಿನ ಆಯ್ತು."

ಮೀನು ನೆಪ. ಎಚ್‌ಐವಿ ಇರುವವರು ಗುಳಿಗೆ ಬಿಟ್ಟು ಮರೆಯಾದರೆ ಹುಡುಕಿ, ಮತ್ತೆ ಗುಳಿಗೆಗೆ ಕರೆತರುವುದು ನೀಲಾರ ಕೆಲಸ. ಕೈಯಲ್ಲಿ ಫೈಲು ಹಿಡಿದವರು ಒಂದು ಮನೆ ಹೊಕ್ಕರೆ ಮಧ್ಯಾಹ್ನದೊಳಗೆ ಇಡೀ ಕೇರಿಗೆ ಸುದ್ದಿ. ಮೀನಿನ ಬುಟ್ಟಿಯವಳನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಗುಟ್ಟು ಹೊರಬೀಳಬಾರದೆಂದೇ ಇಲ್ಲಿಯೂ ಎಲ್ಲರ ಹೆಸರನ್ನು ಬದಲಿಸಲಾಗಿದೆ.

ಸದಾಶಿವಗಡದಿಂದ ಅಂಕೋಲೆವರೆಗೆ ಅವರ ಪಟ್ಟಿಯಲ್ಲಿ ಅರವತ್ನಾಲ್ಕು ಜನ. ಅವರಲ್ಲಿ ಒಂಬತ್ತು ಮಂದಿಗೆ ಲಿವರ್ ತಿನ್ನುವ ಇನ್ನೊಂದು ವೈರಸ್ಸೂ ಇದೆ. ಇಬ್ಬರಿಗೆ ಹೆಪಟೈಟಿಸ್ ಸಿ ಇತ್ತು. ಮೂರು ತಿಂಗಳ ಗುಳಿಗೆಯಲ್ಲಿ ಅದು ವಾಸಿಯಾಯಿತು. ಉಳಿದ ಏಳು ಮಂದಿಯದು ಹೆಪಟೈಟಿಸ್ ಬಿ. ನೀಲಾರ ನಿದ್ದೆ ಕೆಡಿಸುವವರು ಈ ಏಳು ಜನ. "ದಿನಾ ನುಂಗೂ ಒಂದೇ ಗುಳಿಗೆ ಎರಡೂ ವೈರಸ್ಸಿನ ಕುತ್ತಿಗೆ ಹಿಡ್ದಿರ್ತದೆ. ಕೈ ಬಿಟ್ರೆ ಮೊದ್ಲು ಏಳೂದು ಲಿವರಿಂದು" ಎನ್ನುತ್ತಾರೆ.

ಕವಿತಾರ ಗಂಡ ಶನಿಯಾರ ಆ ಏಳು ಜನರಲ್ಲಿ ಒಬ್ಬರು. ಕೂಲಿಗೆಂದು ಗೋವೆಗೆ ಹೋದವರು ಎರಡು ತಿಂಗಳು ಗುಳಿಗೆ ತಪ್ಪಿಸಿದ್ದಾರೆ. ಕಣ್ಣು ಹಳದಿಯಾದಾಗ ಊರಿಗೆ ಮರಳಿ, ಕಾಮಾಲೆಗೆ ಬೇರಿನ ಮದ್ದು ಕೊಡುವ ಸುಕ್ರಿ ಅಜ್ಜಿಯ ಬಳಿ ಹೋಗಿದ್ದಾರೆ. ಇಪ್ಪತ್ತೊಂದು ದಿನ ಉಪ್ಪು, ಎಣ್ಣೆ, ಮೀನು ಯಾವುದೂ ಕೂಡದು. ಬೇರೆ ಔಷಧವನ್ನಂತೂ ಮುಟ್ಟುವಂತಿಲ್ಲ. ಕವಿತಾ ಗುಳಿಗೆ ಡಬ್ಬಿಯನ್ನು ಅಕ್ಕಿ ಮಡಕೆಯ ಹಿಂದೆ ಅಡಗಿಸಿಟ್ಟಿದ್ದಾರೆ.

ನೀಲಾ ಒಳಗೆ ಬಂದರೂ ಶನಿಯಾರ ಚಾಪೆಯಿಂದ ಏಳುವುದಿಲ್ಲ. ಹೊಟ್ಟೆ ಉಬ್ಬಿದೆ. ನೀಲಾ ಕಾರವಾರದ ಡಾಕ್ಟರಿಗೆ ಫೋನ್ ಹಚ್ಚುತ್ತಾರೆ. ಉತ್ತರ ಚಿಕ್ಕದು: ಇವತ್ತೇ ಕರೆತನ್ನಿ, ನಾಳೆ ಅನ್ನಬೇಡಿ.

"ಕೊಟ್ಟವ್ರೇ ಪಥ್ಯ ಬಿಡಿಸ್ಬೇಕು. ನಡೂಗೆ ಮುರದ್ರೆ ಮದ್ದು ತಿರುಗಿ ಬೀಳ್ತದೆ, ಉಳೂದಿಲ್ಲ. ಇನ್ ಹದಿಮೂರ್ ದಿನ, ಆಮೇಲೆ ಬತ್ತೆ" ಎನ್ನುತ್ತಾರೆ ಶನಿಯಾರ. ಹದಿಮೂರು ದಿನ ಈ ಮನುಷ್ಯ ಇರುತ್ತಾರೆಯೇ ಎಂಬುದೇ ನೀಲಾರ ಭಯ. ವಾದಿಸಿ ಪ್ರಯೋಜನವಿಲ್ಲ. ಬುಟ್ಟಿಯನ್ನು ಬೇಲಿಯ ಬಳಿಯೇ ಬಿಟ್ಟು ಗದ್ದೆಯ ಅಂಚಿನಲ್ಲಿ ಓಡುನಡಿಗೆಯಲ್ಲಿ ಸುಕ್ರಿ ಅಜ್ಜಿಯ ಮನೆಗೆ ಹೋಗುತ್ತಾರೆ.

ಅಜ್ಜಿ ಕೆಟ್ಟವರಲ್ಲ. ಯಾರ ಕೈಯಿಂದಲೂ ಏನನ್ನೂ ಪಡೆಯದೆ ಮದ್ದು ಕೊಡುತ್ತಾ ಬಂದವರು. ಆದರೆ ಶನಿಯಾರರ ಗುಟ್ಟನ್ನು ಅವರಿಗೆ ಹೇಳುವಂತಿಲ್ಲ. ಹೇಳದೆ ಪಥ್ಯ ಬಿಡಿಸಿ ಎಂದರೆ ಅವರು ಕೇಳುವುದಿಲ್ಲ. "ಎರಡು ಮದ್ದು ಹೊಟ್ಟೀಲಿ ಜಗಳಾಡ್ತವೆ" ಎಂದು ಅಜ್ಜಿ ಬೆನ್ನು ತಿರುಗಿಸಿ ಬೇರು ತೇಯತೊಡಗುತ್ತಾರೆ.

ಆಗ ನೀಲಾ ಸೊಂಟದ ಚೀಲದಿಂದ ತಮ್ಮದೇ ಗುಳಿಗೆ ಡಬ್ಬಿ ತೆಗೆದು ಅಜ್ಜಿಯ ಮುಂದೆ ಇಡುತ್ತಾರೆ. ಚೆಂಡಿಯಾದಲ್ಲಿ ಹುಟ್ಟಿ, ನೌಕಾನೆಲೆಗೆ ಜಾಗ ಹೋದ ಮೇಲೆ ಕೋಡಿಬಾಗಕ್ಕೆ ಬಂದು ನೆಲೆಸಿದ ಈ ಹೆಂಗಸು ಒಂಬತ್ತು ವರ್ಷದ ಕೆಲಸದಲ್ಲಿ ಯಾವ ಹಳ್ಳಿಯಲ್ಲೂ ಹೇಳದ ಮಾತನ್ನು ಹೇಳುತ್ತಾರೆ.

"ಅಜ್ಜೀ, ಇದು ಎಚ್‌ಐವಿ ಗುಳಿಗೆ. ನಂದು. ನನ್ ಗಂಡಂದೂ ಇದೇ ಆಗಿತ್ತು. ಅವ್ರಿಗೆ ಕಾಮಾಲೆ ಆದಾಗ ಬೇರೆ ಊರಲ್ಲಿ ಮದ್ದು ತಂದೆ. ಪಥ್ಯ ಅಂತ ಈ ಗುಳಿಗೆ ಬಿಡಿಸ್ದೆ. ಇಪ್ಪತ್ತೊಂದು ದಿನ ತುಂಬ್ಲಿಲ್ಲ."

ಅಜ್ಜಿಯ ಕೈ ನಿಲ್ಲುತ್ತದೆ. "ಮದ್ದಿಂದ ಹೋದ್ರಾ?"

"ಅದು ನಂಗೊತ್ತಿಲ್ಲ. ಗುಳಿಗೆ ಬಿಡ್ಸಿದ್ದು ತಪ್ಪು. ಬಿಡ್ಸಿದವ್ಳು ನಾನು."

ಸುಕ್ರಿ ಅಜ್ಜಿ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಾರೆ. ಯಾರಿಗಾಗಿ ಕೇಳುತ್ತೀ ಎಂದು ಒಂದೇ ಒಂದು ಸಲವೂ ಕೇಳುವುದಿಲ್ಲ; ಸದ್ಯ ಅವರ ಪಥ್ಯದಲ್ಲಿರುವುದು ಒಬ್ಬರೇ. ಕೋಲು ಊರಿಕೊಂಡು ಎದ್ದು, ಸೀದಾ ಶನಿಯಾರರ ಮನೆಗೆ ನಡೆಯುತ್ತಾರೆ. ಗಂಜಿಗೆ ಉಪ್ಪು ಹಾಕಿಸಿ ತಮ್ಮ ಕೈಯಿಂದಲೇ ಅವರಿಗೆ ಉಣಿಸುತ್ತಾರೆ. "ನಾ ಬಿಡ್ಸಿದೆ. ಏಳು, ಹೋಗು" ಎನ್ನುತ್ತಾರೆ. ಹತ್ತೂವರೆಗೆ ರಿಕ್ಷಾ ಕಾರವಾರದ ದಾರಿ ಹಿಡಿಯುತ್ತದೆ.

ಇದು ನಡೆದು ಐದು ವಾರ. ಶನಿಯಾರ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾರೆ. ಕಣ್ಣಿನ ಹಳದಿ ಇಳಿಯುತ್ತಿದೆ. ರಕ್ತಪರೀಕ್ಷೆಗಳು ಇನ್ನೂ ಮುಗಿದಿಲ್ಲ, ಗಂಡಾಂತರ ಪೂರ್ತಿ ಕಳೆಯಿತು ಎಂದು ಡಾಕ್ಟರು ಹೇಳುತ್ತಿಲ್ಲ. ಸುಕ್ರಿ ಅಜ್ಜಿ ಈಗ ಬೇರು ಕೊಡುವ ಮುಂಚೆ ದಿನದ ಗುಳಿಗೆ ಉಂಟಾ ಎಂದು ವಿಚಾರಿಸುತ್ತಾರೆ. ಉಂಟು ಎಂದರೆ ಬೇರು ಕೊಡದೆ ದೊಡ್ಡಾಸ್ಪತ್ರೆಯ ದಾರಿ ತೋರಿಸುತ್ತಾರೆ.

ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟಿರಲ್ಲ, ಹೆದರಿಕೆ ಆಗಲಿಲ್ಲವೇ ಎಂದರೆ ನೀಲಾ ಹೇಳುತ್ತಾರೆ:

"ಆಯ್ತು, ಈಗ್ಲೂ ಆಗ್ತದೆ. ಆದ್ರೆ ನನ್ ಗಂಡ ಮಲಗಿದ್ದಾಗ ನಮ್ಮ ಬಾಗ್ಲಿಗೆ ಬಂದು ನೀ ಮಾಡೂದು ತಪ್ಪು ಅಂತ ಹೇಳೋರು ಒಬ್ರೂ ಇರ್ಲಿಲ್ಲ. ಕವಿತಾಗೆ ನಾನಿದ್ದೆ."