ಮ್ಯೂಸಿಯಮ್ಮಿನಲ್ಲಿ ಬಿಟ್ಟ ಬೂಟು

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿಯವರು ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಸ್ಟುಟ್‌ಗಾರ್ಟಿಗೆ ಬಂದವರು ನಮ್ಮ ಯಜಮಾನರು. ನಾನು ಅವರ ಹಿಂದೆ ಬಾಲದ ಹಾಗೆ ಬಂದವಳು. ಮೈಸೂರಿನ ಕಾಲೇಜಿನಲ್ಲಿ ಆರು ವರ್ಷ ರಸಾಯನಶಾಸ್ತ್ರ ಹೇಳಿ, ಹುಡುಗರ ಬಾಯಿ ಮುಚ್ಚಿಸುತ್ತಿದ್ದವಳಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಇರಲಿಲ್ಲ, ಬಾಯಿ ಬಿಡೋಣವೆಂದರೆ ಜನವೂ ಇರಲಿಲ್ಲ. ಯಜಮಾನರು ಸೋಮವಾರ ಕೆಲಸಕ್ಕೆಂದು ಮ್ಯಾನ್‌ಹೈಮಿಗೆ ಹೋದರೆ ಬರುತ್ತಿದ್ದದ್ದು ಶುಕ್ರವಾರ. ದಿನಾ ಸಂಜೆ ಫೋನಿನಲ್ಲಿ ಒಂದೇ ಪ್ರಶ್ನೆ: "ನಮ್ಮವ್ರು ಯಾರಾದ್ರೂ ಸಿಕ್ಕಿದ್ರಾ?" ಇಲ್ಲ ಎನ್ನುವುದು ನನಗೂ ರೂಢಿಯಾಗಿತ್ತು.

ಒಂದು ಬುಧವಾರ ಮನೆಯಲ್ಲಿ ಕೂತಿರಲಾಗದೆ ಮ್ಯೂಸಿಯಮ್ಮಿಗೆ ಹೋದೆ. ಹೊರದೇಶಗಳಲ್ಲಿ ನೆಲೆಸಿದ ಏಷ್ಯಾದ ಕಲಾವಿದರ ಹೊಸ ಕೃತಿಗಳ ಪ್ರದರ್ಶನವಿತ್ತು. ಗೈಡ್ ಜೊತೆ ಸುತ್ತುವ ಗುಂಪು ಎರಡು: ಒಂದು ಜರ್ಮನ್ನಿನಲ್ಲಿ, ಇನ್ನೊಂದು ಚೀನೀಯರ ಮ್ಯಾಂಡರಿನ್‌ನಲ್ಲಿ. ನಾನು ಮ್ಯಾಂಡರಿನ್ನಿಗೆ ಟಿಕೆಟ್ ಕೇಳಿದೆ. ಭಾಷೆ ಬರುತ್ತದೆಯೇ ಎಂದು ಕೌಂಟರಿನಾಕೆ ಕೇಳಿದ್ದಕ್ಕೆ ಹೂಂ ಎಂದು ಸುಳ್ಳು ಹೇಳಿದೆ. ಜರ್ಮನ್ ಅರ್ಥವಾಗದಿದ್ದರೆ ಅದು ನನ್ನ ತಪ್ಪು. ಮ್ಯಾಂಡರಿನ್ ಅರ್ಥವಾಗದಿದ್ದರೆ ಯಾರೂ ಬೈಯುವಂತಿಲ್ಲ. ಚಿತ್ರಗಳು ಹಾಗಿರಲಿ, ನನಗೆ ಒಂದು ಗಂಟೆ ನಾಲ್ಕು ಜನರ ನಡುವೆ ನಿಲ್ಲಬೇಕಿತ್ತು.

ಗೈಡ್ ಹುಡುಗಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಎಲ್ಲರೂ ನಕ್ಕಾಗ ಕೊಂಚ ತಡವಾಗಿ ನಕ್ಕೆ. ಪಕ್ಕದಲ್ಲಿದ್ದ ಬಿಳಿಕೂದಲಿನ ಚೀನೀ ಅಜ್ಜಿ ನನ್ನನ್ನು ಎರಡು ಸಲ ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ.

ಮೂರನೆಯ ಕೋಣೆಯಲ್ಲಿ ಹಲಗೆಗಳಿಂದ ಕಟ್ಟಿದ ಪುಟ್ಟ ಮನೆಯೊಂದಿತ್ತು. ಒಳಗೆ ಚಾಪೆ, ಅನ್ನದ ಪಾತ್ರೆ. ಹೊಸ್ತಿಲಾಚೆ ಹತ್ತಾರು ಜೊತೆ ಹಳೆಯ ಚಪ್ಪಲಿ. ಒಳಗೆ ಹೋಗಬಹುದೆಂದು ಗೈಡ್ ಕೈ ತೋರಿಸಿದಳು. ನಾನು ಯೋಚನೆಯನ್ನೇ ಮಾಡದೆ ಬೂಟು ಬಿಚ್ಚಿ, ಆ ಚಪ್ಪಲಿಗಳ ಸಾಲಿನಲ್ಲಿ ನೀಟಾಗಿ ಇಟ್ಟು ಒಳಗೆ ಹೋದೆ. ಉಳಿದವರೆಲ್ಲ ಬೂಟುಗಾಲಲ್ಲೇ ಬಂದರು.

ಹೊರಗೆ ಬಂದು ಬೂಟಿಗೆ ಕೈ ಹಾಕಿದ್ದೇ ತಡ, ಕಾವಲಿನವನು ಓಡಿ ಬಂದ. ಕಲಾಕೃತಿಯನ್ನು ಮುಟ್ಟಬಾರದಂತೆ. ಅದು ನನ್ನ ಬೂಟು ಕಣಯ್ಯಾ ಎನ್ನಲು ಹೋದರೆ, ಕಲಿತಿದ್ದ ಅಷ್ಟಿಷ್ಟು ಜರ್ಮನ್ನೂ ಕೈಕೊಟ್ಟಿತು. ಅವನು ನನ್ನ ಮುಖ ನೋಡಿದ, ಗುಂಪಿನ ಮುಖಗಳನ್ನು ನೋಡಿದ, ನೀವು ಇವರ ಜೊತೆಯವರೇ ಎಂದು ಕೇಳಿದ. ಏನು ಹೇಳಲಿ? ಒಂದು ಗಂಟೆಯ ಈ ನೆಂಟಸ್ತಿಕೆಯೂ ಹೋಯಿತಲ್ಲ ಎಂದು ಅಳು ಬಂತು.

ಆಗ ಆ ಅಜ್ಜಿ ಮುಂದೆ ಬಂದರು. ಗೋಡೆಗೆ ಕೈ ಊರಿ, ತಮ್ಮ ಬೂಟುಗಳನ್ನೂ ಬಿಚ್ಚಿ ನನ್ನ ಬೂಟಿನ ಪಕ್ಕಕ್ಕಿಟ್ಟರು. ಆಮೇಲೆ ಹರುಕುಮುರುಕು ಜರ್ಮನ್ನಿನಲ್ಲಿ, ನನಗೂ ಅರ್ಥವಾಗುವಷ್ಟು ನಿಧಾನವಾಗಿ, ಅವನಿಗೆ ಹೇಳಿದರು: "ಇವಳು ನಮ್ಮವಳು."

ಕಾವಲಿನವನು ತನ್ನ ಜಾಗಕ್ಕೆ ವಾಪಸು ಹೋದ. ನಾನು ಲೇಸು ಕಟ್ಟಿಕೊಳ್ಳುವವರೆಗೆ ಅವರು ನನ್ನ ಕೈಚೀಲ ಹಿಡಿದುಕೊಂಡು ನಿಂತಿದ್ದರು.

ಸಂಜೆ ಫೋನಿನಲ್ಲಿ ಅದೇ ಪ್ರಶ್ನೆ ಬಂತು. ಸಿಕ್ಕಿದರು ಎಂದೆ. ಯಜಮಾನರಿಗೆ ಖುಷಿಯೋ ಖುಷಿ. ಯಾವ ಕಡೆಯವರು, ಮೈಸೂರಾ, ಹಾಸನವಾ ಎಂದು ವಿಚಾರಿಸಿದರು.

"ಕೇಳೋಕೆ ಬರ್ಲಿಲ್ಲ ಕಣ್ರೀ," ಎಂದೆ.