ಸಿಡಿಮದ್ದಿನ ಮೇಜಿಗೆ ಗೆದ್ದಲ ದಂಡಯಾತ್ರೆ

ಆ ಬೀದಿಯ ಬಡಗಿಗೆ ಸಿಡಿಮದ್ದು ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ, ಆಳನ್ನು ಸರಿಯಾಗಿಯೇ ಅಳೆದಿದ್ದರು. ಮೊಳೆ ಬಾಗಿದರೆ ಮೊಳೆಗೆ ಬೈಗುಳ. ಉಳಿ ಮೊಂಡಾದರೆ ಉಳಿಯ ವಂಶಕ್ಕೆಲ್ಲ ಬೈಗುಳ. ಕೈಕೆಲಸ ಮಾತ್ರ ಬೆಣ್ಣೆ. ಊರಿನ ಅರ್ಧ ಜನ ಅವನು ಮಾಡಿದ ಮೇಜಿನ ಮೇಲೆ ಉಣ್ಣುತ್ತಿದ್ದರು. ಅವನ ಹೆಂಡತಿ, ಬಟ್ಟೆ ಹೊಲಿಯುವವಳು, ಮದುವೆಯಾದಾಗಿನಿಂದ ನೆಲಕ್ಕೆ ಮಂಡಿಯೂರಿಯೇ ಬಟ್ಟೆ ಕತ್ತರಿಸುತ್ತಿದ್ದಳು. ಈಗ ಆ ಮಂಡಿಗಳು ಮುಷ್ಕರ ಹೂಡಿದ್ದವು. ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ.

ಕೊನೆಗೂ ಸಿಡಿಮದ್ದು ಅವಳಿಗೊಂದು ಮೇಜು ಮಾಡಿದ. ಮಾಡಿದನೆಂದರೆ ಕೊಟ್ಟನೇ? ಪಾಲಿಶಿನ ಕೊನೆಯ ಕೈ ಬಾಕಿಯಿತ್ತು. ಅಷ್ಟರಲ್ಲಿ ಅಂಗಡಿಯ ಗೋಡೆಯ ಬುಡದಲ್ಲಿ ಗೆದ್ದಲಿನ ಮಣ್ಣುಗೆರೆ ಕಾಣಿಸಿತು.

"ನನ್ನ ಅಂಗಡಿಗೇ ಕಾಲಿಟ್ರಾ!" ಎಂದು ಗರ್ಜಿಸಿ, ಬಿರುಕಿಗೆಲ್ಲ ಔಷಧಿ ಸುರಿದ. ಮೇಜಿನ ಒಂದೊಂದು ಕಾಲನ್ನೂ ತಗಡಿನ ಬಟ್ಟಲಲ್ಲಿ ನಿಲ್ಲಿಸಿ, ಹಳೇ ಎಂಜಿನ್ ಎಣ್ಣೆ ತುಂಬಿದ. ಕೋಟೆಗೆ ಕಂದಕವಾಯಿತು. ಆದರೆ ಪಾಲಿಶ್ ಹಾಕುವ ಭಾವಮೈದ ಆ ಮೇಜಿನ ಮೇಲೆ ಟೀ ಲೋಟ ಇಟ್ಟುಬಿಟ್ಟ. ಸಿಡಿಮದ್ದಿಗೆ ಕಿಡಿ ತಾಗಿತು. 'ಮುಟ್ಟಿದರೆ ಕೈ ಮುರಿಯುತ್ತೇನೆ' ಎಂದು ಹಲಗೆಯ ಮೇಲೆ ಬರೆದು, ಅದನ್ನು ಉದ್ದನೆಯ ಮರದ ಪಟ್ಟಿಗೆ ಹೊಡೆದು, ಪಟ್ಟಿಯ ಬುಡವನ್ನು ನೆಲಕ್ಕೂರಿ ಮೇಜಿನ ಕಾಲಿಗೆ ಒರಗಿಸಿ ನಿಲ್ಲಿಸಿದ.

ಓದು ಬಂದವರು ಯಾರೂ ಮುಟ್ಟಲಿಲ್ಲ.

ಕೆಲವು ವಾರಗಳ ಮೇಲೆ ಕೊನೆಯ ಪಾಲಿಶಿಗೆಂದು ಕೂತ ಭಾವಮೈದ ಹಲಗೆಯ ಪಟ್ಟಿ ಒರಗಿದ್ದ ಕಾಲನ್ನು ತಟ್ಟಿ ನೋಡಿದ. "ಭಾವ, ಇದ್ಯಾಕೋ ಟೊಳ್ಳು ಸದ್ದು ಬರ್ತಿದೆ." ಹೆಬ್ಬೆರಳು ಒತ್ತಿದರೆ ಹಪ್ಪಳದಂತೆ ಒಳಗೆ ಹೋಯಿತು. "ಗೆದ್ದಲು ಈ ಹಲಗೆ ಪಟ್ಟಿ ಹತ್ಕೊಂಡೇ ಬಂದಿದಾವೆ. ಕಂದಕ ತೋಡಿದ್ದೂ ನೀವೇ, ಸೇತುವೆ ಕಟ್ಟಿಕೊಟ್ಟಿದ್ದೂ ನೀವೇ!"

"ಬಾಯ್ಮುಚ್ಚೋ!" ಸಿಡಿಮದ್ದು ಹಲಗೆಯನ್ನು ಬೀದಿಗೆ ಎಸೆದ. ಗೆದ್ದಲಿನ ರಾಣಿಗೆ ಎಂಥ ಪಾಮರ ಗೆದ್ದಲಿಗೂ ಅರ್ಥವಾಗುವಂತೆ ಬೈದ. ಗಲಾಟೆ ಕೇಳಿ ಬಂದ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಉಳಿದ ಮೂರು ಕಾಲು?"

"ಗಟ್ಟಿ ಇದಾವಕ್ಕ, ತಟ್ಟಿ ನೋಡ್ದೆ. ಮೇಲಿನ ಹಲಗೇನೂ ಗಟ್ಟಿ. ಇನ್ನೊಂದ್ಸಲ ಔಷಧಿ ಬಳೀತೀನಿ," ಎಂದ ತಮ್ಮ.

"ಅದೇ ಮರ ಸಿಗಬೇಕು, ಒಣಗಬೇಕು," ಸಿಡಿಮದ್ದು ಗುಡುಗಿದ. "ಮಳೆಗಾಲ ಕಳೀಲಿ, ಹೊಸ ಕಾಲು ಹಾಕ್ತೀನಿ!"

"ನನ್ನ ಮಂಡಿ ಮಳೆಗಾಲ ಕಾಯಲ್ಲ ಕಣ್ರೀ." ಅವಳು ಪಕ್ಕದ ವೆಲ್ಡಿಂಗ್ ಅಂಗಡಿಯತ್ತ ಕೂಗಿದಳು. "ಅಣ್ಣಾ, ಈ ಎತ್ತರಕ್ಕೊಂದು ಪೈಪ್ ಕತ್ತರಿಸಿ ಕೊಡ್ತೀರಾ?"

"ಕಬ್ಬಿಣಾನಾ? ನನ್ನ ಮೇಜಿಗಾ? ಜನ ಏನಂತಾರೆ?"

"ಮೂರು ಕಾಲು ನಿಮ್ಮ ಮರ್ಯಾದೆಗೆ ಇರಲಿ, ಒಂದು ನನ್ನ ಮಂಡಿಗೆ."

ವೆಲ್ಡರ್ ಹಲ್ಲು ಕಿರಿಯುತ್ತಾ ಪೈಪ್ ತಂದ. ಸಿಡಿಮದ್ದು ಅದನ್ನು ಕಿತ್ತುಕೊಂಡು, ಟೊಳ್ಳು ಕಾಲಿನ ಜಾಗಕ್ಕೆ ಒಂದೊಂದು ತಿರುಪಿಗೂ ಒಂದೊಂದು ಬೈಗುಳ ಸೇರಿಸಿ ತಾನೇ ಬಿಗಿದ. ಮೇಜು ಎಳ್ಳಷ್ಟೂ ಅಲುಗಲಿಲ್ಲ. ಅದೂ ಅವನ ಸಿಟ್ಟಿಗೆ ತುಪ್ಪ ಸುರಿಯಿತು.

ಸಂಜೆ ಮನೆಯ ಕಿಟಕಿಯ ಬಳಿಗೆ ಬಂದ ಮೇಜಿನ ಮೇಲೆ ಹೆಂಡತಿ ನೆಟ್ಟಗೆ ನಿಂತು ಬಟ್ಟೆ ಹರಡಿದಳು.

"ಆ ದರಿದ್ರ ಪೈಪಿಗೆ ಒಂದು ಪ್ಯಾಂಟಿನ ಕಾಲಾದ್ರೂ ಹೊಲಿಯೇ!" ಎಂದ ಗಂಡ.

"ಹೊಲಿಯೋಣ. ಈಗ ಬೆಳಕಿಗೆ ಅಡ್ಡ ನಿಲ್ಲಬೇಡಿ."

ಕತ್ತರಿ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ತಡೆಯಿಲ್ಲದೆ ಹರಿಯಿತು. ಸಿಡಿಮದ್ದು ಗೊಣಗುತ್ತಾ ಪಕ್ಕಕ್ಕೆ ಸರಿದ.